ಗಾಜು ಮುಚ್ಚಿದರೆ ಕಪ್ಪಾಗುತ್ತಿದ್ದ ಪರದೆ: ಶಾಂತಳ್ಳಿ ಕಡೆಯ ಮನೆಯೊಂದರಲ್ಲಿ ಕೇಬಲ್ ಸರಿಪಡಿಸಿದ ಪ್ರಕರಣ

ಜುಲೈ ಎರಡನೇ ವಾರ. ಪುನರ್ವಸು ಮಳೆ ಹಿಡಿದು ನಾಲ್ಕು ದಿನ ಆಗಿತ್ತು. ಸೋಮವಾರಪೇಟೆಯಿಂದ ಶಾಂತಳ್ಳಿಗೆ ಹೋಗುವ ದಾರಿಯಲ್ಲಿ, ಕಾಫಿ ತೋಟದ ಒಳಗಿರುವ ಒಂದು ಮನೆಯಿಂದ ಫೋನ್ ಬಂತು. ಮಾತಾಡಿದ್ದು ಆ ಮನೆಯ ಹುಡುಗ. ಬಿಸಿಎ ಎರಡನೇ ವರ್ಷ ಓದುತ್ತಿದ್ದಾನೆ. ರಜೆಯಲ್ಲಿ ಮದುವೆ ವಿಡಿಯೋ ಎಡಿಟ್ ಮಾಡಿಕೊಟ್ಟು ಸ್ವಲ್ಪ ದುಡಿಯುತ್ತಾನೆ.

"ಅಣ್ಣ, ಕಂಪ್ಯೂಟರ್ ಕೆಲಸ ಮಾಡ್ತಾ ಮಾಡ್ತಾ ಸ್ಕ್ರೀನ್ ಕಪ್ಪಾಗ್ತದೆ. ಸೈಡಿನ ಗಾಜು ತೆಗೆದಿಟ್ರೆ ಏನೂ ಆಗಲ್ಲ. ಹೀಟ್ ಇರಬೇಕು ಅಲ್ವಾ?"

ನನಗೂ ಹಾಗೇ ಅನ್ನಿಸಿತು. ನಾನು ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು. ಗಾಜು ತೆಗೆದರೆ ಸರಿ, ಮುಚ್ಚಿದರೆ ತೊಂದರೆ ಎಂದರೆ ಹತ್ತರಲ್ಲಿ ಒಂಬತ್ತು ಜನ ಬಿಸಿ ಎಂದೇ ಹೇಳುತ್ತಾರೆ. ಈ ಮನೆಯಲ್ಲಿ ಕಾರಣ ಬೇರೆ ಇತ್ತು. ಅದನ್ನು ಹುಡುಕಿ ಸರಿಪಡಿಸಲು ಎರಡು ದಿನ ಹೋಯಿತು. ಎಲ್ಲಿ ತಪ್ಪು ತಿಳಿದೆವು, ಹೇಗೆ ಗೊತ್ತಾಯಿತು, ಆಮೇಲೆ ಕೇಬಲ್‌ಗಳನ್ನು ಹೇಗೆ ಎಳೆದೆವು ಎಂಬುದನ್ನು ಪೂರ್ತಿ ಬರೆಯುತ್ತಿದ್ದೇನೆ. ಮನೆಯಲ್ಲೇ ಕಂಪ್ಯೂಟರ್ ಜೋಡಿಸುವ ಹುಡುಗರು ನಮ್ಮ ಕಡೆ ಈಗ ಜಾಸ್ತಿ ಆಗಿದ್ದಾರೆ. ಅವರಿಗೆ ಇದು ಬೇಕಾಗುತ್ತದೆ.

ಮನೆ ಮತ್ತು ಯಂತ್ರ

ಹಳೆಯ ಹಂಚಿನ ಮನೆ. ಕೆಂಪು ಗಾರೆ ನೆಲ. ಮಳೆಗಾಲದಲ್ಲಿ ಆ ನೆಲ ಬೆವರುತ್ತದೆ, ಬರಿಗಾಲಲ್ಲಿ ನಡೆದರೆ ಹೆಜ್ಜೆ ಮೂಡುತ್ತದೆ. ಬಟ್ಟೆ ಒಣಗಿಸಲು ಅಡುಗೆ ಮನೆಯಲ್ಲಿ ಒಲೆಯ ಮೇಲೆ ಹಗ್ಗ ಕಟ್ಟಿದ್ದರು. ಚಪ್ಪಲಿ, ಬೆಲ್ಟು, ಪುಸ್ತಕದ ಬೆನ್ನು ಎಲ್ಲಕ್ಕೂ ಬೂಷ್ಟು. ಹುಡುಗನ ಕೋಣೆ ಮನೆಯ ಹಿಂಭಾಗದಲ್ಲಿದೆ. ಕಿಟಕಿಯ ಆಚೆ ಕಾಫಿ ಕಣ. ಬೇಸಿಗೆಯಲ್ಲಿ ಅಲ್ಲಿಂದ ಒಣ ಕಾಫಿ ಸಿಪ್ಪೆಯ ಧೂಳು ಒಳಗೆ ಬರುತ್ತದೆ. ಮಳೆಗಾಲದಲ್ಲಿ ಅದೇ ಧೂಳು ತೇವ ಹೀರಿಕೊಂಡು ಅಂಟಿನ ಹಾಗೆ ಕೂರುತ್ತದೆ. ಬಯಲುಸೀಮೆಯಲ್ಲಿ ಊದಿದರೆ ಹಾರಿಹೋಗುವ ಧೂಳು ಇಲ್ಲಿ ಬ್ರಷ್ ಹಾಕಿ ಉಜ್ಜಿದರೂ ಬಿಡುವುದಿಲ್ಲ.

ಕಂಪ್ಯೂಟರ್‌ನಲ್ಲಿ ಇದ್ದದ್ದು ರೈಜನ್ 5 5600 ಪ್ರೊಸೆಸರ್, ಅದರ ಡಬ್ಬಿಯಲ್ಲೇ ಬಂದ ಕೂಲರ್, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, ಒಂದು ಎಂ.2 ಎಸ್‌ಎಸ್‌ಡಿ, ವಿಡಿಯೋ ಇಡಲು ಒಂದು ಹಳೆಯ ಹಾರ್ಡ್ ಡಿಸ್ಕ್. 550 ವಾಟ್‌ನ ಎಸ್‌ಎಂಪಿಎಸ್, ಅಂದರೆ ಒಳಗಿನ ಭಾಗಗಳಿಗೆಲ್ಲ ಕರೆಂಟ್ ಹಂಚುವ ಡಬ್ಬಿ. ಅದರ ಕೇಬಲ್‌ಗಳೆಲ್ಲ ಒಳಗಿನಿಂದಲೇ ಅಂಟಿಕೊಂಡು ಬಂದಿರುವ ಬಗೆಯದು. ಬೇಡದ ಕೇಬಲ್ ಅಂತ ಕಳಚಿಡಲು ಬರುವುದಿಲ್ಲ. ಕ್ಯಾಬಿನೆಟ್ ಕಡಿಮೆ ಬೆಲೆಯದು, ಅಗಲ ಕಡಿಮೆ, ಒಂದು ಬದಿಗೆ ಗಾಜು. ಮುಂದೆ ಎರಡು ಫ್ಯಾನ್, ಹಿಂದೆ ಒಂದು.

ಹುಡುಗ ಹೋದ ವರ್ಷ ಎಲ್ಲವನ್ನೂ ತಾನೇ ಜೋಡಿಸಿದ್ದ. ಜೋಡಣೆ ಚೆನ್ನಾಗಿಯೇ ಇತ್ತು. ಪ್ರೊಸೆಸರ್ ಸರಿ ಕೂತಿತ್ತು, ರ್‍ಯಾಮ್ ಸರಿಯಾದ ಸ್ಲಾಟ್‌ಗಳಲ್ಲಿ ಇತ್ತು. ಸಮಸ್ಯೆ ಎಲ್ಲ ಕೇಬಲ್‌ಗಳದ್ದೇ.

ಅವನು ಹೇಳಿದ ತೊಂದರೆಗಳು ಮೂರು. ಎಡಿಟ್ ಮಾಡಿದ ವಿಡಿಯೋ ಕೊನೆಗೆ ರೆಂಡರ್ ಆಗುವಾಗ, ಅಂದರೆ ಪೂರ್ತಿ ಫೈಲ್ ಆಗಿ ಸಿದ್ಧವಾಗುವಾಗ, ಅಥವಾ ಆಟ ಆಡುವಾಗ ಹತ್ತು ಹದಿನೈದು ನಿಮಿಷಕ್ಕೆ ಪರದೆ ಕಪ್ಪಾಗುತ್ತದೆ, ಗ್ರಾಫಿಕ್ಸ್ ಕಾರ್ಡಿನ ಫ್ಯಾನ್ ಜೋರಾಗಿ ಕೂಗುತ್ತದೆ, ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಲೇಬೇಕು. ಎರಡನೆಯದು, ಆಗಾಗ ಒಳಗಿನಿಂದ ಟರ್ರ್ ಎನ್ನುವ ಸದ್ದು. ಮೂರನೆಯದು, ಹಾರ್ಡ್ ಡಿಸ್ಕ್ ಕೆಲವು ದಿನ ಕಾಣಿಸುತ್ತದೆ, ಕೆಲವು ದಿನ ಇಲ್ಲ.

ಇಷ್ಟರಲ್ಲಿ ಅವನು ವಿಂಡೋಸ್ ಎರಡು ಸಲ ಹಾಕಿದ್ದ. ಯಾರೋ ಹೇಳಿದರು ಎಂದು ಸ್ಟೆಬಿಲೈಸರ್ ಕೊಂಡಿದ್ದ. ಗಾಜು ತೆಗೆದು ಟೇಬಲ್ ಫ್ಯಾನ್ ಇಟ್ಟುಕೊಂಡು ಎಡಿಟ್ ಮಾಡುತ್ತಿದ್ದ. ಅಷ್ಟು ತೇವ ಇರುವ ಕೋಣೆಯಲ್ಲಿ ಮದರ್‌ಬೋರ್ಡ್ ತೆರೆದಿಟ್ಟುಕೊಂಡು ಟೇಬಲ್ ಫ್ಯಾನ್ ಬಿಡುವುದು ನನಗೆ ಭಯ ಹುಟ್ಟಿಸಿತು.

ಮೊದಲ ದಿನ: ಬಿಸಿ ಎಂದುಕೊಂಡಿದ್ದು

ಏನನ್ನೂ ಮುಟ್ಟುವ ಮೊದಲು ಅಳತೆ ತೆಗೆದೆ. ಕೋಣೆಯಲ್ಲಿ 22 ಡಿಗ್ರಿ. ಗಾಜು ಮುಚ್ಚಿ ರೆಂಡರ್‌ಗೆ ಹಚ್ಚಿದೆವು. ಪ್ರೊಸೆಸರ್ 88ಕ್ಕೆ ಹೋಯಿತು, ಗ್ರಾಫಿಕ್ಸ್ ಕಾರ್ಡ್ 83ಕ್ಕೆ. ಹದಿಮೂರನೇ ನಿಮಿಷಕ್ಕೆ ಪರದೆ ಕಪ್ಪು. ಹುಡುಗ "ನೋಡಿ ಅಣ್ಣ" ಎಂದ.

ಆಫ್ ಮಾಡಿ, ಪ್ಲಗ್ ಕಿತ್ತು, ಪವರ್ ಬಟನ್ ಒಂದೆರಡು ಸಲ ಒತ್ತಿ ಒಳಗೆ ಉಳಿದ ಕರೆಂಟ್ ಇಳಿಸಿದೆ. ಎರಡೂ ಬದಿ ತೆಗೆದೆ. ಮುಂದಿನ ಫಿಲ್ಟರ್ ಬೂದು ಬಣ್ಣದ ಕಂಬಳಿಯಂತಾಗಿತ್ತು. ಕೆಳಗಿನ ಫ್ಯಾನ್‌ನ ಹಿಂದೆ, ಹಾರ್ಡ್ ಡಿಸ್ಕ್ ಕೂರುವ ಗೂಡಿನಲ್ಲಿ, ಬೇಡದ ಕೇಬಲ್‌ಗಳನ್ನೆಲ್ಲ ಸುತ್ತಿ ತುರುಕಿದ್ದ. ಹಳೇ ಕಾಲದ ಮೊಲೆಕ್ಸ್ ಕೇಬಲ್, ಡಿಸ್ಕ್‌ಗೆ ಕರೆಂಟ್ ಕೊಡುವ ಸಾಟಾ ಪವರ್ ಕೇಬಲ್‌ಗಳಲ್ಲಿ ಬಳಸದೆ ಉಳಿದದ್ದು, ಗ್ರಾಫಿಕ್ಸ್ ಕಾರ್ಡಿಗೆಂದು ಬಂದ ಇನ್ನೊಂದು ಕೇಬಲ್. ಒಟ್ಟಿಗೆ ಒಂದು ಗುಬ್ಬಚ್ಚಿ ಗೂಡಿನಷ್ಟು. ಅದನ್ನು ಎಳೆದು ತೆಗೆದಾಗ ಒಳಗೆ ಹಲ್ಲಿ ಮೊಟ್ಟೆಯ ಎರಡು ಚಿಪ್ಪು ಸಿಕ್ಕಿತು. ಹಿಂದೆ ಕಾರ್ಡ್ ಸ್ಲಾಟಿನ ಒಂದು ತಗಡು ಇರಲಿಲ್ಲ, ಹಲ್ಲಿ ಬಂದ ದಾರಿ ಅದೇ. ಬೆಚ್ಚಗೆ, ಕತ್ತಲು, ಮೇಲೆ ಕೇಬಲ್‌ನ ಹೊದಿಕೆ. ಮಳೆಗಾಲದಲ್ಲಿ ಹಲ್ಲಿಗೆ ಇದಕ್ಕಿಂತ ಒಳ್ಳೆ ಜಾಗ ಬೇಕೆ?

ಅವತ್ತು ಬರೀ ಧೂಳು ತೆಗೆದೆ, ಕೇಬಲ್ ಮುಟ್ಟಲಿಲ್ಲ. ಆ ಗಂಟನ್ನೂ ಇದ್ದ ಜಾಗದಲ್ಲೇ ವಾಪಸ್ ಇಟ್ಟೆ. ಯಾವುದರಿಂದ ಎಷ್ಟು ಕಡಿಮೆಯಾಯಿತು ಎಂದು ಗೊತ್ತಾಗಬೇಕಿದ್ದರೆ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಫಿಲ್ಟರ್ ತೊಳೆದು ಒಲೆ ಪಕ್ಕ ಒಣಗಿಸಿ, ಕೂಲರ್ ಮತ್ತು ಫ್ಯಾನ್ ಬ್ರಷ್‌ನಲ್ಲಿ ಉಜ್ಜಿ, ಮತ್ತೆ ಗಾಜು ಮುಚ್ಚಿ ಅದೇ ಫೈಲ್ ರೆಂಡರ್‌ಗೆ ಹಾಕಿದೆವು. ಪ್ರೊಸೆಸರ್ 82, ಕಾರ್ಡ್ 78. ಅಬ್ಬಾ ಎಂದುಕೊಂಡೆವು. ಹನ್ನೆರಡನೇ ನಿಮಿಷಕ್ಕೆ ಮತ್ತೆ ಪರದೆ ಕಪ್ಪು.

ಇಲ್ಲಿ ನನಗೆ ಅನುಮಾನ ಶುರುವಾಯಿತು. ಈ ಕಾರ್ಡ್‌ಗೆ ತಯಾರಕರು ಕೊಟ್ಟಿರುವ ಗರಿಷ್ಠ ಮಿತಿ 93 ಡಿಗ್ರಿ. ಅದು 78ಕ್ಕೆ ಬಿಸಿಯಿಂದ ಬಂದ್ ಆಗುವ ಮಾತೇ ಇಲ್ಲ. ಅಲ್ಲದೆ ಐದು ಡಿಗ್ರಿ ಇಳಿದ ಮೇಲೂ ಮೊದಲಿಗಿಂತ ಒಂದು ನಿಮಿಷ ಮುಂಚೆಯೇ ನಿಂತಿತ್ತು. ಬಿಸಿಯೇ ಕಾರಣವಾಗಿದ್ದರೆ ತಡವಾಗಿ ನಿಲ್ಲಬೇಕಿತ್ತು ಅಥವಾ ನಿಲ್ಲಲೇಬಾರದಿತ್ತು.

ಕ್ಯಾಲೆಂಡರ್ ಹಾಳೆಯ ಪರೀಕ್ಷೆ

ಗಾಜು ಮುಚ್ಚಿದಾಗ ಎರಡು ಸಂಗತಿ ಒಟ್ಟಿಗೆ ಆಗುತ್ತವೆ. ಒಳಗಿನ ಗಾಳಿ ಬಿಸಿಯಾಗುತ್ತದೆ. ಜೊತೆಗೆ, ಗಾಜಿನ ಕಡೆ ಉಬ್ಬಿಕೊಂಡಿರುವ ವಸ್ತು ಏನಾದರೂ ಇದ್ದರೆ ಗಾಜು ಅದನ್ನು ಒತ್ತುತ್ತದೆ. ನಾವು ಮೊದಲನೆಯದನ್ನು ಮಾತ್ರ ನೋಡಿದ್ದೆವು. ಎರಡನ್ನೂ ಬೇರೆ ಮಾಡಬೇಕಿತ್ತು.

ಗೋಡೆಯಲ್ಲಿ ಹೋದ ವರ್ಷದ ಕ್ಯಾಲೆಂಡರ್ ಇತ್ತು. ಅದರ ದಪ್ಪ ಹಾಳೆಗಳನ್ನು ಸೇರಿಸಿ, ಗಾಜಿನ ಜಾಗದಲ್ಲಿ ಟೇಪ್ ಹಾಕಿ ಅಂಟಿಸಿದೆ. ಹೊರಗಡೆಗೆ ಉಬ್ಬಿ ನಿಲ್ಲುವ ಹಾಗೆ, ಯಾವ ಕೇಬಲ್‌ಗೂ ತಾಗದ ಹಾಗೆ. ಹಾಳೆ ಯಾವ ಫ್ಯಾನ್‌ಗೂ ಸಿಗದಂತೆ ನೋಡಿಕೊಂಡೆ. ಗಾಳಿಗೆ ಅದು ಗಾಜಿನಷ್ಟೇ ಅಡ್ಡಿ, ಒತ್ತಡ ಮಾತ್ರ ಇಲ್ಲ. ರೆಂಡರ್ ಹಾಕಿದೆವು. ಕಾರ್ಡ್ 79ಕ್ಕೆ ಹೋಯಿತು, ಗಾಜಿಗಿಂತ ಒಂದು ಡಿಗ್ರಿ ಜಾಸ್ತಿಯೇ. ಹತ್ತು ನಿಮಿಷ, ಇಪ್ಪತ್ತು, ನಲವತ್ತು. ಪರದೆ ಕಪ್ಪಾಗಲೇ ಇಲ್ಲ. ಹುಡುಗನ ಅಮ್ಮ ಕಾಫಿ ತಂದಿಟ್ಟು, ಕ್ಯಾಲೆಂಡರ್ ಸುತ್ತಿಕೊಂಡ ಕಂಪ್ಯೂಟರ್ ನೋಡಿ "ಇದೇನು ಹೊಸ ವೈದ್ಯ?" ಎಂದರು.

ಬಿಸಿ ಅಲ್ಲ ಎನ್ನುವುದು ಖಚಿತವಾಯಿತು. ಗಾಜನ್ನು ಬೆಳಕಿಗೆ ಹಿಡಿದು ನೋಡಿದೆ. ಒಳಮೈಯಲ್ಲಿ, ಸರಿಯಾಗಿ ಗ್ರಾಫಿಕ್ಸ್ ಕಾರ್ಡಿನ ಕೇಬಲ್ ಇರುವ ಎತ್ತರಕ್ಕೆ, ಹೆಬ್ಬೆರಳಿನಷ್ಟು ಅಗಲದ ಒಂದು ಉಜ್ಜಿದ ಗುರುತು. ವರ್ಷದಿಂದ ಅಲ್ಲಿ ಕೇಬಲ್ ಒತ್ತಿಕೊಂಡೇ ಇತ್ತು.

ಎರಡು ಪಿನ್ನಿನ ಸಣ್ಣ ತುಂಡು

ಗ್ರಾಫಿಕ್ಸ್ ಕಾರ್ಡಿಗೆ ಹೋಗುವ 8 ಪಿನ್ನಿನ ಕೇಬಲ್ ತುದಿಯಲ್ಲಿ ಎರಡು ತುಂಡಾಗಿರುತ್ತದೆ. ಒಂದು 6 ಪಿನ್ನಿನದು, ಪಕ್ಕಕ್ಕೆ 2 ಪಿನ್ನಿನ ಸಣ್ಣದು. ಹಳೆಯ 6 ಪಿನ್ ಕಾರ್ಡ್‌ಗೂ ಹೊಸ 8 ಪಿನ್ ಕಾರ್ಡ್‌ಗೂ ಒಂದೇ ಕೇಬಲ್ ಆಗಲಿ ಎಂದು ಹೀಗೆ ಮಾಡಿದ್ದಾರೆ. 12 ವೋಲ್ಟ್ ಬರುವ ಮೂರು ತಂತಿಗಳೂ 6 ಪಿನ್ನಿನ ಭಾಗದಲ್ಲೇ ಇವೆ. ಆ ಸಣ್ಣ ತುಂಡಿನಲ್ಲಿ ಒಂದು ಗ್ರೌಂಡ್ ತಂತಿ, ಇನ್ನೊಂದು "8 ಪಿನ್ ಪೂರ್ತಿ ಕೂತಿದೆ" ಎಂದು ಕಾರ್ಡ್‌ಗೆ ತಿಳಿಸುವ ತಂತಿ. 6 ಪಿನ್ ಮಾತ್ರ ಇದ್ದರೆ ಕಾರ್ಡ್ ಆ ಕೇಬಲ್‌ನಿಂದ 75 ವಾಟ್ ಎಳೆಯಬಹುದು, 8 ಪಿನ್ ಇದ್ದರೆ 150. ಆ ಸುದ್ದಿ ತಂತಿ ನಡುವೆ ಕಡಿದುಹೋದರೆ ಕಾರ್ಡ್ ಸುಮ್ನೆ ಕೆಲಸ ಮುಂದುವರಿಸುವುದಿಲ್ಲ.

ಟಾರ್ಚ್ ಹಿಡಿದು ನೋಡಿದೆ. 6 ಪಿನ್ನಿನ ಭಾಗ ಒಳಗೆ ಕೂತಿತ್ತು, ಕೊಂಡಿ ಬಿದ್ದಿತ್ತು. 2 ಪಿನ್ನಿನ ತುಂಡು ಓರೆಯಾಗಿ, ಸುಮಾರು ಎರಡು ಮಿಲಿಮೀಟರ್ ಹೊರಗೆ ನಿಂತಿತ್ತು. ಕೇಬಲ್ ಮೇಲಿನಿಂದ, ಬೋರ್ಡಿಗೆ ಕರೆಂಟ್ ಕೊಡುವ 24 ಪಿನ್ ಕೇಬಲ್ ಬರುವ ಕಿಂಡಿಯಿಂದಲೇ ಬಂದು, ಕಾರ್ಡಿನ ಮೇಲೆ ತಿರುಚಿಕೊಂಡು, ಗಾಜಿನ ಕಡೆಗೆ ಬಾಗಿತ್ತು. ಗಾಜು ಮುಚ್ಚಿದಾಗ ಆ ಬಾಗು ಒತ್ತಿ, ಸಣ್ಣ ತುಂಡನ್ನು ಇನ್ನಷ್ಟು ಓರೆ ಮಾಡುತ್ತಿತ್ತು. ತಕ್ಷಣ ಯಾಕೆ ಕಪ್ಪಾಗುತ್ತಿರಲಿಲ್ಲ ಎಂದು ಹುಡುಗ ಕೇಳಿದ. ನನ್ನ ಅಂದಾಜು ಇದು: ಕೆಲಸ ಜೋರಾದಂತೆ ಕಾರ್ಡ್ ಬಿಸಿಯಾಗಿ ಪ್ಲಾಸ್ಟಿಕ್, ಲೋಹ ಎರಡೂ ಕೂದಲೆಳೆಯಷ್ಟು ಹಿಗ್ಗುತ್ತವೆ. ಫ್ಯಾನ್ ತಿರುಗಿ ಕಾರ್ಡ್ ಅದುರುತ್ತದೆ. ಅರ್ಧ ಹಿಡಿದುಕೊಂಡಿದ್ದ ಪಿನ್ನಿಗೆ ಅಷ್ಟು ಸಾಕು.

ಅದೃಷ್ಟಕ್ಕೆ ಸಡಿಲವಾಗಿದ್ದದ್ದು ಸುದ್ದಿ ತಂತಿಯ ತುಂಡು. ಕರೆಂಟ್ ತರುವ ಪಿನ್ ಹೀಗೆ ಅರ್ಧ ಕೂತಿದ್ದರೆ ಕಥೆ ಬೇರೆಯಾಗುತ್ತಿತ್ತು. 3060 ಕಾರ್ಡ್ ಜೋರಾಗಿ ದುಡಿಯುವಾಗ ಸುಮಾರು 170 ವಾಟ್ ತಿನ್ನುತ್ತದೆ. ಅದರಲ್ಲಿ 75 ವಾಟ್‌ವರೆಗೆ ಬೋರ್ಡಿನ ಸ್ಲಾಟ್‌ನಿಂದ ಬರಬಹುದು, ಉಳಿದದ್ದು ಈ ಕೇಬಲ್‌ನಿಂದ. 100 ವಾಟ್ ಎಂದುಕೊಂಡರೂ 12 ವೋಲ್ಟ್‌ಗೆ 8 ಆಂಪಿಯರ್‌ಗಿಂತ ಜಾಸ್ತಿ. ಒಂದು ಪಿನ್ನಿನಲ್ಲಿ 4 ಆಂಪಿಯರ್ ಹರಿಯುವಾಗ ಅಲ್ಲಿ 0.1 ಓಮ್ ತಡೆ ಹುಟ್ಟಿದರೆ 1.6 ವಾಟ್ ಬಿಸಿ, ಅದೂ ಸಾಸಿವೆ ಕಾಳಿನಷ್ಟು ಜಾಗದಲ್ಲಿ. ಕನೆಕ್ಟರ್ ಕಂದು ಬಣ್ಣಕ್ಕೆ ತಿರುಗಿ ಕರಗುವುದು ಹೀಗೇ. ತೇವಕ್ಕೆ ಪಿನ್ನಿನ ಮೇಲೆ ಕಿಲುಬು ಬಂದರೆ ತಡೆ ಇನ್ನೂ ಹೆಚ್ಚುತ್ತದೆ. ಆದ್ದರಿಂದ ನಮ್ಮ ಕಡೆಯ ಮನೆಗಳಲ್ಲಿ ಪ್ರತಿ ಕನೆಕ್ಟರ್ ಪೂರ್ತಿ ಕೂತಿದೆಯೇ ಎಂದು ನೋಡುವುದು ಬೇರೆಲ್ಲದಕ್ಕಿಂತ ಮುಖ್ಯ ಎಂದು ನಾನು ಹೇಳುತ್ತೇನೆ.

ಉಳಿದ ಎರಡು ತೊಂದರೆ ಇದರ ಮುಂದೆ ಸುಲಭದವು. ಪ್ರೊಸೆಸರ್‌ಗೆ ಕರೆಂಟ್ ಕೊಡುವ 8 ಪಿನ್ ಕೇಬಲ್ ಬೋರ್ಡಿನ ಹಿಂದಿನಿಂದ ಮೇಲಿನ ಮೂಲೆಗೆ ಮುಟ್ಟುವಷ್ಟು ಉದ್ದ ಇರಲಿಲ್ಲ. ಹುಡುಗ ಅದನ್ನು ಮುಂದಿನಿಂದಲೇ, ಬೋರ್ಡಿನ ಮೇಲೆ ಅಡ್ಡ ಎಳೆದಿದ್ದ. ಅದರ ಒಂದು ಬದಿ ಕೂಲರ್ ಫ್ಯಾನಿನ ರೆಕ್ಕೆಗೆ ತಾಗುತ್ತಿತ್ತು. ಟರ್ರ್ ಎನ್ನುವುದು ಅದೇ. ತಂತಿಯ ಹೊದಿಕೆ ಸವೆದು ಬಿಳುಪಾಗಿತ್ತು, ತಾಮ್ರ ಕಾಣುತ್ತಿರಲಿಲ್ಲ. ತಾಮ್ರ ಕಂಡಿದ್ದರೆ ಎಸ್‌ಎಂಪಿಎಸ್ ಬದಲಿಸಿ ಎನ್ನುತ್ತಿದ್ದೆ. ಹಾರ್ಡ್ ಡಿಸ್ಕ್‌ನದು ಎಳೆತ. ಸಾಟಾ ಪವರ್ ಕೇಬಲ್ ವೀಣೆ ತಂತಿಯ ಹಾಗೆ ಬಿಗಿದು, ಕನೆಕ್ಟರ್ ಒಂದು ಕಡೆ ಎದ್ದಿತ್ತು. ಡೇಟಾ ಕೇಬಲ್‌ಗೆ ಹಿಡಿದುಕೊಳ್ಳುವ ಕೊಂಡಿ ಇರಲಿಲ್ಲ.

ಕೇಬಲ್ ಚೊಕ್ಕ ಮಾಡುವ ಆಸೆಯಿಂದಲೇ ಈ ಎಳೆತ ಬಂದದ್ದು. ಹುಡುಗ ಚಿತ್ರಗಳನ್ನು ನೋಡಿ, ಅವುಗಳ ಹಾಗೆಯೇ ಕಾಣಬೇಕು ಎಂದು, ಇದ್ದ ಕಡೆಯಲ್ಲೆಲ್ಲ ಪ್ಲಾಸ್ಟಿಕ್ ಕೇಬಲ್ ಟೈ ಹಾಕಿ ಬಿಗಿದಿದ್ದ. ನಾನು ಲೆಕ್ಕ ಹಾಕಿದೆ, ಇಪ್ಪತ್ತಮೂರು ಇದ್ದವು. 24 ಪಿನ್ ಕೇಬಲ್ ಕಿಂಡಿಯ ಬಳಿಯೇ ಬಿಗಿದು, ಕನೆಕ್ಟರ್‌ನ ಕೆಳಗಿನ ತುದಿ ತುಸು ಮೇಲೆದ್ದಿತ್ತು. ಅದೂ ಇವತ್ತಲ್ಲ ನಾಳೆ ಕೈಕೊಡುತ್ತಿತ್ತು.

ಎರಡನೇ ದಿನ: ಬಿಚ್ಚಿ ಮತ್ತೆ ಎಳೆದದ್ದು

ಮರುದಿನ ಬೆಳಗ್ಗೆ ಪೇಟೆಯಿಂದ ಸಾಮಾನು ತಂದೆ. 30 ಸೆಂಟಿಮೀಟರ್‌ನ ಒಂದು ಪ್ರೊಸೆಸರ್ ಪವರ್ ಎಕ್ಸ್‌ಟೆನ್ಶನ್, ತಂತಿ 18 ಗೇಜಿನದು. ಕೊಂಡಿ ಇರುವ ಅರ್ಧ ಮೀಟರ್ ಸಾಟಾ ಕೇಬಲ್ ಒಂದು. ಒಂದು ಸುರುಳಿ ವೆಲ್ಕ್ರೋ ಪಟ್ಟಿ. ಸ್ಲಾಟಿನ ತಗಡು ಒಂದು.

ಎಕ್ಸ್‌ಟೆನ್ಶನ್ ಯಾಕೆ, ಗೆಳೆಯನ ಹತ್ತಿರ ಬೇರೆ ಎಸ್‌ಎಂಪಿಎಸ್‌ನ ಉದ್ದ ಕೇಬಲ್ ಇದೆ ಎಂದ ಹುಡುಗ. ಅವನ ಎಸ್‌ಎಂಪಿಎಸ್‌ಗೆ ಅದನ್ನು ಹಾಕುವ ಜಾಗವೇ ಇಲ್ಲ. ಆದರೂ ಈ ಮಾತು ಬಂದದ್ದು ಒಳ್ಳೆಯದಾಯಿತು, ವಿವರವಾಗಿ ಹೇಳಿದೆ. ಕಳಚುವ ಕೇಬಲ್ ಇರುವ ಎಸ್‌ಎಂಪಿಎಸ್‌ಗಳಲ್ಲಿ ಬೋರ್ಡಿನ ಕಡೆಯ ತುದಿ ಮಾತ್ರ ಎಲ್ಲರದ್ದೂ ಒಂದೇ. ಎಸ್‌ಎಂಪಿಎಸ್ ಕಡೆಯ ತುದಿಯಲ್ಲಿ ಯಾವ ಪಿನ್ನಿಗೆ ಯಾವ ವೋಲ್ಟ್ ಎಂಬುದನ್ನು ಪ್ರತಿ ಕಂಪನಿ ತನಗೆ ಬೇಕಾದ ಹಾಗೆ ಇಡುತ್ತದೆ. ಒಂದೇ ಕಂಪನಿಯ ಬೇರೆ ಮಾದರಿಗಳಲ್ಲೂ ಬೇರೆ ಇರಬಹುದು. ಒಂದರ ಕೇಬಲ್ ಇನ್ನೊಂದಕ್ಕೆ ಹಾಕಿದರೆ 5 ವೋಲ್ಟ್ ಬೇಕಾದ ಕಡೆ 12 ವೋಲ್ಟ್ ಹೋಗಿ ಡಿಸ್ಕ್ ಸುಟ್ಟುಹೋಗುತ್ತದೆ. ಕೂತುಕೊಂಡಿತು ಎಂದ ಮಾತ್ರಕ್ಕೆ ಸರಿ ಅಲ್ಲ. ಎಕ್ಸ್‌ಟೆನ್ಶನ್‌ಗೆ ಈ ಅಪಾಯ ಇಲ್ಲ, ಅದರ ಎರಡು ತುದಿಯೂ ಬೋರ್ಡಿನ ಕಡೆಯ ಅಳತೆಯದೇ.

ಇನ್ನೊಂದು ಎಚ್ಚರಿಕೆಯನ್ನೂ ಅಲ್ಲೇ ತೋರಿಸಿದೆ. ಪ್ರೊಸೆಸರ್‌ನ 8 ಪಿನ್ ಮತ್ತು ಗ್ರಾಫಿಕ್ಸ್ ಕಾರ್ಡಿನ 8 ಪಿನ್ ನೋಡಲು ಅಣ್ಣತಮ್ಮಂದಿರ ಹಾಗೆ. ಒಂದು ನಾಲ್ಕು ನಾಲ್ಕಾಗಿ ಬಿಡಿಸಿಕೊಳ್ಳುತ್ತದೆ, ಇನ್ನೊಂದು ಆರು ಎರಡಾಗಿ. ಒಳಗೆ 12 ವೋಲ್ಟ್ ಮತ್ತು ಗ್ರೌಂಡ್ ಇರುವ ಸಾಲುಗಳು ತಿರುಗುಮುರುಗು. ಪಿನ್ನಿನ ಆಕಾರ ಬೇರೆ ಮಾಡಿ ತಪ್ಪಾಗಿ ಕೂರದಂತೆ ಮಾಡಿದ್ದಾರೆ. ಆದರೆ ಜೋರು ಮಾಡಿ ತಳ್ಳುವವರಿದ್ದಾರೆ. ತಳ್ಳಬಾರದು.

ಇಪ್ಪತ್ತಮೂರು ಟೈಗಳನ್ನೂ ಕತ್ತರಿಸಿದೆವು. ಕತ್ತರಿಯ ಬಾಯಿ ತಂತಿಗೆ ತಾಗದ ಹಾಗೆ, ಟೈನ ತಲೆಯ ಹತ್ತಿರ. ಎಲ್ಲ ಕೇಬಲ್‌ಗಳನ್ನೂ ಬೋರ್ಡಿನಿಂದ ಕಳಚಿ ಹಿಂದಿನಿಂದ ಹೊರಗೆ ಇಳಿಬಿಟ್ಟೆವು. ಮೊದಲು ಫೋಟೋ ತೆಗೆದುಕೊಂಡಿದ್ದೆವು, ಮುಂದಿನ ಬಟನ್‌ಗಳ ಸಣ್ಣ ವೈರ್‌ಗಳದ್ದಂತೂ ಹತ್ತಿರದಿಂದ. ಆಮೇಲೆ ಬೇಕಾದವು ಒಂದು ಕಡೆ, ಬೇಡದವು ಒಂದು ಕಡೆ ಮಾಡಿದೆವು.

ಎಳೆಯುವ ಕ್ರಮಕ್ಕೆ ಕಾರಣ ಇದೆ. ಮೊದಲು ಪ್ರೊಸೆಸರ್ ಪವರ್ ಕೇಬಲ್. ಅದು ಹೋಗಬೇಕಾದ ಮೂಲೆ ಎಲ್ಲಕ್ಕಿಂತ ಇಕ್ಕಟ್ಟು, ಆಮೇಲೆ ಕೈ ಹೋಗುವುದಿಲ್ಲ. ಕೂಲರ್ ಮತ್ತು ಹಿಂದಿನ ಫ್ಯಾನ್ ಮಧ್ಯೆ ಬೆರಳು ತೂರಿಸಿ ಕೂರಿಸಿದೆ. ಎಕ್ಸ್‌ಟೆನ್ಶನ್ ಸೇರುವ ಗಂಟು ಬೋರ್ಡಿನ ಹಿಂದೆ, ಅಗಲ ಜಾಗ ಇರುವಲ್ಲಿ ಬರುವಂತೆ ಇಟ್ಟೆ. ಆಮೇಲೆ ಮುಂದಿನ ಯುಎಸ್‌ಬಿ 3 ಕೇಬಲ್. ಅದು ದಪ್ಪ, ಗಡುಸು, ಬಾಗುವುದಿಲ್ಲ. ಬೋರ್ಡಿನ ಕಡೆ 19 ಪಿನ್ ಇವೆ, ಓರೆಯಾಗಿ ಒತ್ತಿದರೆ ಪಿನ್ ಮಡಚುತ್ತದೆ. ಮುಂಚೆಯೇ ನೇರವಾಗಿ ಕೂರಿಸಿ, ಉಳಿದವುಗಳನ್ನು ಅದರ ಪಕ್ಕಕ್ಕೆ ಹೊಂದಿಸುವುದು ಸುಲಭ. ಆಮೇಲೆ ಆಡಿಯೋ, ಬಟನ್ ವೈರ್‌ಗಳು, ಫ್ಯಾನ್‌ಗಳು. ಆಮೇಲೆ 24 ಪಿನ್. ಕೊನೆಗೆ ಡಿಸ್ಕ್ ಮತ್ತು ಗ್ರಾಫಿಕ್ಸ್ ಕಾರ್ಡ್.

ಹಿಂದಿನ ತಗಡಿಗೂ ಬೋರ್ಡಿನ ತಟ್ಟೆಗೂ ನಡುವೆ ಜಾಗ ಅಳೆದೆವು, 18 ಮಿಲಿಮೀಟರ್. 24 ಪಿನ್ ಕೇಬಲ್ ಹಗ್ಗದ ಹಾಗೆ ಉರುಟಾಗಿದ್ದರೆ ಅದೊಂದೇ ಅಷ್ಟೂ ಜಾಗ ತಿನ್ನುತ್ತದೆ. ತಂತಿಗಳನ್ನು ಕೈಯಲ್ಲಿ ಬಿಡಿಸಿ, ಚಾಪೆಯ ಹಾಗೆ ಪಕ್ಕಪಕ್ಕಕ್ಕೆ ಚಪ್ಪಟೆಯಾಗಿ ಹರಡಿದೆವು. ಒಂದರ ಮೇಲೊಂದು ದಾಟುವ ಕಡೆಗಳನ್ನು ಆದಷ್ಟು ಕಡಿಮೆ ಮಾಡಿದೆವು. ಹಿಂದಿನ ತಗಡು ಮೊಣಕಾಲಿನಿಂದ ಒತ್ತಿ ಮುಚ್ಚುವಂತಿದ್ದರೆ ಒಳಗೆ ಕೇಬಲ್ ಜಜ್ಜುತ್ತಿದೆ ಎಂದೇ ಅರ್ಥ. ಒಂದು ಕೈಯಲ್ಲಿ ಜಾರಿಸಿ ಮುಚ್ಚಲು ಬರಬೇಕು.

ಇಷ್ಟಾಗುವಾಗ ಕರೆಂಟ್ ಹೋಯಿತು. ಎಲ್ಲೋ ಮರ ಬಿದ್ದಿರಬೇಕು. ಕೋಣೆಯ ಕತ್ತಲಲ್ಲಿ ಕೆಲಸ ಮಾಡಲಾಗದೆ ಕ್ಯಾಬಿನೆಟ್ಟನ್ನು ಜಗಲಿಗೆ ಎತ್ತಿಕೊಂಡು ಬಂದೆವು. ಅಲ್ಲಿ ಹುಡುಗನ ಅಜ್ಜ ಕೂತಿದ್ದರು. ಸ್ವಲ್ಪ ಹೊತ್ತು ನೋಡಿದರು. ನಾನು ವೆಲ್ಕ್ರೋ ಪಟ್ಟಿ ಸುತ್ತಿ ಎಳೆಯುತ್ತಿದ್ದೆ.

"ಎಷ್ಟು ಬಿಗೀತಿ ಮಾರಾಯ? ಮೆಣಸಿನ ಬಳ್ಳಿ ಹೀಗೆ ಕಟ್ಟಿದ್ರೆ ಕಟ್ಟಿದ ಕಡೆಯೇ ಮುರೀತದೆ. ಬಳ್ಳಿ ಮರಕ್ಕೆ ತಾಗಿರ್ಬೇಕು, ಅಷ್ಟೇ. ಬೆರಳು ತೂರಬೇಕು."

ಅವರು ಐವತ್ತು ವರ್ಷದಿಂದ ಸಿಲ್ವರ್ ಓಕ್ ಮರಗಳಿಗೆ ಕಾಳುಮೆಣಸಿನ ಬಳ್ಳಿ ಕಟ್ಟಿಸಿದವರು. ಅವರ ಲೆಕ್ಕವನ್ನೇ ಹಿಡಿದೆವು. ಪ್ರತಿ ಪಟ್ಟಿಯ ಕೆಳಗೂ ಕಿರುಬೆರಳು ತೂರಿಸಿ ನೋಡಿದೆವು. ತೂರದಿದ್ದರೆ ಬಿಚ್ಚಿ ಮತ್ತೆ ಸುತ್ತಿದೆವು. ಕಟ್ಟುವ ಜಾಗವನ್ನೂ ಅವರೇ ತೋರಿಸಿದರು. ಗಿಣ್ಣಿನ ಹತ್ತಿರ ಕಟ್ಟಬಾರದಂತೆ, ಎರಡು ಗಿಣ್ಣಿನ ಮಧ್ಯೆ ಕಟ್ಟಬೇಕಂತೆ. ಕೇಬಲ್‌ನಲ್ಲೂ ಹಾಗೇ. ಕನೆಕ್ಟರ್‌ನಿಂದ ನಾಲ್ಕೈದು ಸೆಂಟಿಮೀಟರ್ ಬಿಟ್ಟು ಮೊದಲ ಪಟ್ಟಿ ಹಾಕಿದರೆ ಕನೆಕ್ಟರ್ ತನ್ನ ಜಾಗದಲ್ಲಿ ನೆಮ್ಮದಿಯಾಗಿ ಕೂರುತ್ತದೆ. ಇಪ್ಪತ್ತಮೂರು ಟೈಗಳ ಜಾಗದಲ್ಲಿ ಒಂಬತ್ತು ಪಟ್ಟಿ ಸಾಕಾಯಿತು.

ಗ್ರಾಫಿಕ್ಸ್ ಕಾರ್ಡಿನ ಕೇಬಲ್ಲನ್ನು ಈ ಸಲ ಮೇಲಿನಿಂದ ತರಲಿಲ್ಲ. ಎಸ್‌ಎಂಪಿಎಸ್ ಮುಚ್ಚಿದ ತಗಡಿನಲ್ಲಿ ಒಂದು ಕಿಂಡಿ ಇತ್ತು. ಅಲ್ಲಿಂದ ಮೇಲಕ್ಕೆ ತಂದು, ಕಾರ್ಡಿನ ಅಂಚಿಗೆ ಗಾಜಿನ ಉದ್ದಕ್ಕೆ ಸಮನಾಗಿ ಸಡಿಲ ಕಮಾನಿನಂತೆ ತಿರುಗಿಸಿದೆವು. 2 ಪಿನ್ನಿನ ತುಂಡಿಗೆ ಪಕ್ಕದಲ್ಲಿ ಒಂದು ಸಣ್ಣ ತುಟಿ ಇರುತ್ತದೆ. ಅದನ್ನು 6 ಪಿನ್ನಿನ ತುಂಡಿಗೆ ಮೊದಲು ಹೊಂದಿಸಿ, ಎರಡನ್ನೂ ಒಟ್ಟಿಗೆ ಹಿಡಿದು, ಒಂದೇ ಸಲ ನೇರವಾಗಿ ತಳ್ಳಬೇಕು. ಟಕ್ ಎನ್ನುವ ಸದ್ದು ಬರಬೇಕು. ಮೊದಲು ಒಂದು, ಆಮೇಲೆ ಇನ್ನೊಂದು ಎಂದು ಕೂರಿಸಲು ಹೋದಾಗಲೇ ಎರಡನೆಯದು ಓರೆಯಾಗುವುದು. ಹುಡುಗನ ಕೈಯಲ್ಲೇ ಮೂರು ಸಲ ತೆಗೆಸಿ ಹಾಕಿಸಿದೆ. ಕಣ್ಣು ಮುಚ್ಚಿ ಸದ್ದು ಕೇಳು ಎಂದೆ.

ಬೇಡದ ಕೇಬಲ್‌ಗಳ ಗಂಟಿಗೆ ಜಾಗ ಬೇಕಿತ್ತು. ಹಾರ್ಡ್ ಡಿಸ್ಕ್ ಅನ್ನು ಬೋರ್ಡಿನ ತಟ್ಟೆಯ ಹಿಂದಿರುವ ಜಾಗಕ್ಕೆ ವರ್ಗಾಯಿಸಿ, ಹಳೆಯ ಗೂಡಿನ ನಾಲ್ಕು ಸ್ಕ್ರೂ ಬಿಚ್ಚಿ ಗೂಡನ್ನೇ ತೆಗೆದೆವು. ಕೇಬಲ್‌ಗಳನ್ನು ಉದ್ದಕ್ಕೆ ಮಡಚಿ, ಎಸ್‌ಎಂಪಿಎಸ್ ಪಕ್ಕದಲ್ಲಿ ಮಲಗಿಸಿದೆವು. ಮುಂದಿನ ಫ್ಯಾನ್‌ಗೂ ಅದಕ್ಕೂ ನಡುವೆ ಈಗ ಒಂದು ಅಂಗೈ ಅಗಲ ಖಾಲಿ.

ಒಂದು ತಪ್ಪಾಯಿತು. ಎಲ್ಲ ಮುಗಿಸಿ, ಕರೆಂಟ್ ಬಂದ ಮೇಲೆ ಆನ್ ಮಾಡಿದರೆ ಪವರ್ ದೀಪ ಉರಿಯಲಿಲ್ಲ. ದೀಪದ ವೈರ್‌ನ ಪ್ಲಸ್ ಮೈನಸ್ ನಾನು ತಿರುಗಿಸಿ ಹಾಕಿದ್ದೆ. ಬಟನ್ ವೈರ್‌ಗಳಿಗೆ ದಿಕ್ಕು ಇಲ್ಲ, ಎಲ್‌ಇಡಿ ವೈರ್‌ಗಳಿಗೆ ಇದೆ. ತಿರುಗಿಸಿದರೆ ಕೆಡುವುದಿಲ್ಲ, ಉರಿಯುವುದಿಲ್ಲ ಅಷ್ಟೇ. ಆಫ್ ಮಾಡಿ ಬದಲಿಸಿದೆ.

ಕ್ಯಾಬಿನೆಟ್ ಹೊರಗೆ

ಒಳಗೆ ಎಷ್ಟು ಮಾಡಿದರೂ ಹೊರಗೆ ಹಾಗೇ ಬಿಟ್ಟರೆ ಈ ಮಳೆಯಲ್ಲಿ ಪ್ರಯೋಜನ ಇಲ್ಲ. ಇಂಟರ್ನೆಟ್ ಕೇಬಲ್ ಕಿಟಕಿಯ ಮೇಲಿನ ತೂತಿನಿಂದ ನೇರ ಇಳಿದು ಕಂಪ್ಯೂಟರ್ ಹಿಂದಕ್ಕೆ ಬರುತ್ತಿತ್ತು. ಕೇಬಲ್‌ನ ಮೈಮೇಲೆ ನೀರು ಹರಿದು ಗೋಡೆಯಲ್ಲಿ ಕಪ್ಪು ಗೆರೆ ಬಿದ್ದಿತ್ತು. ಹೊರಗಡೆ, ತೂತಿಗಿಂತ ಕೆಳಕ್ಕೆ ಒಂದು ಯು ಆಕಾರದ ಇಳಿತ ಕೊಟ್ಟೆವು. ನೀರು ಆ ತಗ್ಗಿನಿಂದ ತೊಟ್ಟಿಕ್ಕುತ್ತದೆ, ಒಳಗೆ ಬರುವುದಿಲ್ಲ. ಕ್ಯಾಬಿನೆಟ್ಟನ್ನು ಗಾರೆ ನೆಲದಿಂದ ಎತ್ತಿ ಮರದ ಸ್ಟೂಲ್ ಮೇಲೆ ಇಟ್ಟೆವು, ಗೋಡೆಯಿಂದ ಒಂದು ಗೇಣು ದೂರ. ಈ ಎಸ್‌ಎಂಪಿಎಸ್ ಗಾಳಿ ಎಳೆಯುವುದು ಕೆಳಗಿನಿಂದ. ನೆಲದ ಮೇಲಿದ್ದರೆ ನೆಲದ ತೇವವನ್ನೇ ಎಳೆಯುತ್ತದೆ. ಸ್ಲಾಟಿನ ತಗಡು ಹಾಕಿ ಹಲ್ಲಿಯ ದಾರಿ ಮುಚ್ಚಿದೆವು.

ಹುಡುಗನ ಅಮ್ಮ ಸಿಲಿಕಾ ಜೆಲ್ ಪೊಟ್ಟಣ ಒಳಗೆ ಇಡಬಹುದಾ ಎಂದು ಕೇಳಿದರು. ಫ್ಯಾನ್ ತಿರುಗಿ ಗಾಳಿ ಬದಲಾಗುತ್ತಲೇ ಇರುವ ಡಬ್ಬಿಯಲ್ಲಿ ಅದರಿಂದ ಉಪಯೋಗ ಇಲ್ಲ. ಅದಕ್ಕಿಂತ ಮಳೆಗಾಲದಲ್ಲಿ ದಿನಕ್ಕೆ ಒಂದು ಗಂಟೆಯಾದರೂ ಕಂಪ್ಯೂಟರ್ ಓಡಿಸುವುದು ಒಳ್ಳೆಯದು ಎಂದೆ. ಅದರ ಬಿಸಿಯೇ ತೇವ ಒಣಗಿಸುತ್ತದೆ. ಗುಡುಗು ಶುರುವಾದರೆ ಮಾತ್ರ ಕರೆಂಟ್ ಪ್ಲಗ್ ಮತ್ತು ಇಂಟರ್ನೆಟ್ ಕೇಬಲ್ ಎರಡನ್ನೂ ಕಿತ್ತಿಡಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು.

ಫಲ

ಅದೇ ಫೈಲ್, ಗಾಜು ಮುಚ್ಚಿ, ಕೋಣೆ 22 ಡಿಗ್ರಿ. ಪ್ರೊಸೆಸರ್ 79, ಕಾರ್ಡ್ 76. ಒಂದೂವರೆ ಗಂಟೆ ಓಡಿತು, ಪರದೆ ಕಪ್ಪಾಗಲಿಲ್ಲ. ಟರ್ರ್ ಸದ್ದು ಇಲ್ಲ. ಡಿಸ್ಕ್ ಹತ್ತು ಸಲ ಆನ್ ಆಫ್ ಮಾಡಿದರೂ ಕಾಣಿಸಿತು.

ಈ ಅಂಕಿಗಳನ್ನು ಗಮನಿಸಿ. ಧೂಳು ತೆಗೆದದ್ದಕ್ಕೆ ಪ್ರೊಸೆಸರ್ ಆರು ಡಿಗ್ರಿ ಇಳಿಯಿತು, ಕಾರ್ಡ್ ಐದು. ಕೇಬಲ್ ಸರಿಮಾಡಿದ್ದಕ್ಕೆ ಇನ್ನು ಮೂರು ಮತ್ತು ಎರಡು. ಅದೂ ಫ್ಯಾನ್ ಎದುರಿನ ಆ ಗಂಟು ಹೋದದ್ದರಿಂದ ಎಂದು ನನ್ನ ನಂಬಿಕೆ. ಕೇಬಲ್ ಚೊಕ್ಕ ಮಾಡಿದರೆ ಕಂಪ್ಯೂಟರ್ ತಣ್ಣಗಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಗಾಳಿಯ ದಾರಿಗೆ ಅಡ್ಡ ಇಲ್ಲದ ಕೇಬಲ್ ಹೇಗಿದ್ದರೂ ತಾಪಕ್ಕೆ ದೊಡ್ಡ ವ್ಯತ್ಯಾಸ ಆಗುವುದಿಲ್ಲ. ಈ ಮನೆಯಲ್ಲಿ ಲಾಭವಾದದ್ದು ಎಳೆತ, ಒತ್ತಡ, ಉಜ್ಜಾಟ ಮೂರೂ ಹೋದದ್ದರಿಂದ. ಅಂದಕ್ಕೆ ಬಿಗಿದದ್ದೇ ಇಲ್ಲಿ ರೋಗ ತಂದಿತ್ತು. ಬಿಚ್ಚಲು ಬರುವ ಹಾಗೆ, ಸಡಿಲವಾಗಿ ಕಟ್ಟಿದ್ದು ಗುಣ ಮಾಡಿತು. ಈಗಲೂ ಹಿಂದಿನ ತಗಡು ತೆಗೆದರೆ ಫೋಟೋ ತೆಗೆಯುವಷ್ಟು ಚೆಂದ ಏನಿಲ್ಲ. ಯಾವ ಕೇಬಲ್ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಮಾತ್ರ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಗೌರಿ ಹಬ್ಬ ಕಳೆದ ಮೇಲೆ ಒಮ್ಮೆ ಹೋಗಿ ನೋಡಿದೆ. ಕನೆಕ್ಟರ್‌ಗಳೆಲ್ಲ ಕೂತ ಜಾಗದಲ್ಲೇ ಇದ್ದವು. ಫಿಲ್ಟರ್ ಹುಡುಗನೇ ಎರಡು ಸಲ ತೊಳೆದಿದ್ದ. ಸ್ಟೆಬಿಲೈಸರ್ ಈಗ ಅಡುಗೆ ಮನೆಯ ಫ್ರಿಜ್ಜಿಗೆ ಹೋಗಿತ್ತು.

ನವೆಂಬರ್ ಕೊನೆಗೆ ಅವನ ಫೋನ್ ಬಂತು. ಕಾಫಿ ಕೊಯ್ಲು ಶುರುವಾಗಿತ್ತು, ಹಿಂದೆ ಆಳುಗಳ ಮಾತು ಕೇಳಿಸುತ್ತಿತ್ತು. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಸಾಟಾ ಎಸ್‌ಎಸ್‌ಡಿ ಹಾಕಿಕೊಂಡನಂತೆ. ಯಾರನ್ನೂ ಕರೆಯಲಿಲ್ಲ. ಹಿಂದಿನ ತಗಡು ಜಾರಿಸಿ, ಎರಡು ಪಟ್ಟಿ ಬಿಚ್ಚಿ, ಡಿಸ್ಕ್ ಬದಲಿಸಿ, ಪಟ್ಟಿ ಸುತ್ತಿ ಮುಚ್ಚಿದನಂತೆ.

"ಎಷ್ಟು ಹೊತ್ತು ಬೇಕಾಯ್ತು?" ಎಂದು ಕೇಳಿದೆ.

"ಕಾಲು ಗಂಟೆ ಅಣ್ಣ. ಪಟ್ಟಿ ಕೆಳಗೆ ಬೆರಳು ತೂರಿಸಿ ನೋಡಿದ್ದೀನಿ."